ಬಂಗಾರ ಸಿಕ್ತು ಅಂದ್ರೆ ಏನು ಸಿಕ್ತು?

2020ರ ಫೆಬ್ರವರಿ. ಉತ್ತರ ಪ್ರದೇಶದ ಸೋನಭದ್ರ ಜಿಲ್ಲೆಯಲ್ಲಿ 3,000 ಟನ್‌ಗೂ ಹೆಚ್ಚು ಬಂಗಾರ ಸಿಕ್ಕಿದೆ ಅಂತ ದೇಶದ ತುಂಬಾ ಸುದ್ದಿಯೋ ಸುದ್ದಿ. ಆಗ ರಿಸರ್ವ್ ಬ್ಯಾಂಕಿನ ಬಳಿ ಇದ್ದ ಬಂಗಾರವೇ 630 ಟನ್ ಆಸುಪಾಸು. ಅದರ ಐದು ಪಟ್ಟು ಒಂದೇ ಜಿಲ್ಲೆಯ ಗುಡ್ಡದಲ್ಲಿ! ಯಾರಿಗೆ ತಾನೇ ರೋಮಾಂಚನ ಆಗಲ್ಲ?

ಫೆಬ್ರವರಿ 22ರಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದ್ರೆ ಜಿಎಸ್ಐ, ಸ್ಪಷ್ಟನೆ ಕೊಟ್ಟಿತು. ಅಂಥ ಅಂದಾಜು ನಾವು ಕೊಟ್ಟೇ ಇಲ್ಲ ಅಂತ ಹೇಳಿತು. ಅವರ ಲೆಕ್ಕದಲ್ಲಿ ಇದ್ದದ್ದು 52,806 ಟನ್ ಅದಿರು. ಅದರಲ್ಲಿ ಟನ್‌ಗೆ ಸರಾಸರಿ 3.03 ಗ್ರಾಂ ಬಂಗಾರ. ಎರಡನ್ನೂ ಗುಣಿಸಿ ನೋಡಿ. 160 ಕೆ.ಜಿ. ಬರುತ್ತೆ. 3,000 ಟನ್ ಎಲ್ಲಿ, 160 ಕೆ.ಜಿ. ಎಲ್ಲಿ?

ಈ ಕಥೆ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ವೀಕ್ಷಕರ ಒಂದು ಪ್ರಶ್ನೆ ನಿಲ್ಲುವುದೇ ಇಲ್ಲ. ‘ಬೋರ್ ಹೊಡಿಸಿದಾಗ ಮಿಂಚೋ ಕಲ್ಲು ಬಂತ್ರಿ, ಬಂಗಾರ ಇರಬಹುದೇನ್ರಿ?’ ‘ಹಟ್ಟಿಯಲ್ಲಿ ಐತಿ, ನಮ್ಮ ಕಡೆ ಯಾಕಿಲ್ರಿ?’ ಪ್ರಶ್ನೆ ಸರಿಯಾಗೇ ಇದೆ. ಉತ್ತರಕ್ಕೆ ಸ್ವಲ್ಪ ನೆಲದಡಿ ಇಳಿಯಬೇಕು.

ನಮ್ಮ ಕಾಲ ಕೆಳಗೆ ಏನಿದೆ?

ಇಂಡಿ, ಸಿಂದಗಿ ಕಡೆಯ ಎರೆಭೂಮಿ, ಡೋಣಿ ಸೀಮೆಯ ಕಪ್ಪು ಮಣ್ಣು, ಎಲ್ಲದರ ತಾಯಿ ಒಂದೇ: ಬಸಾಲ್ಟ್ ಎಂಬ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಸೀಳಿ, ಲಾವಾರಸ ಪದರ ಪದರವಾಗಿ ಹರಿದು ಆರಿ ಕಲ್ಲಾಯಿತು. ಇದೇ ದಖ್ಖನ್ ಬಸಾಲ್ಟ್. ಮಹಾರಾಷ್ಟ್ರದ ಬಹುಭಾಗ ಇದರ ಮೇಲೆ ಕೂತಿದೆ. ಅದರ ದಕ್ಷಿಣದ ಸೆರಗು ವಿಜಯಪುರ ಜಿಲ್ಲೆಯ ಮೇಲೆ ಹಾಸಿದೆ.

ಈ ಲಾವಾ ಆರುವಾಗ ಒಳಗೆ ಗಾಳಿಯ ಗುಳ್ಳೆಗಳು ಸಿಕ್ಕಿಹಾಕಿಕೊಂಡವು. ಆಮೇಲೆ ಆ ಪೊಳ್ಳು ಜಾಗಗಳಲ್ಲಿ ಬೆಣಚು, ಕ್ಯಾಲ್ಸೈಟ್, ಜಿಯೊಲೈಟ್ ಎಂಬ ಹರಳುಗಳು ಬೆಳೆದವು. ಬೋರ್ ಹೊಡೆದಾಗ ಬಿಸಿಲಿಗೆ ಮಿಂಚುವುದು ಸಾಮಾನ್ಯವಾಗಿ ಇವೇ. ಮುದ್ದೇಬಿಹಾಳದ ಕಡೆ ಕಣಶಿಲೆ, ಗ್ರಾನೈಟ್ ಇರುವಲ್ಲಿ ಹೊಳೆಯುವ ಪದರ ಕಂಡರೆ ಅದು ಅಭ್ರಕ. ನಮ್ಮ ಹಿರಿಯರು ಅದಕ್ಕೆ ‘ಕಾಗೆ ಬಂಗಾರ’ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಇನ್ನೊಂದು ಮೋಸಗಾರ ಇದ್ದಾನೆ, ಪೈರೈಟ್. ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಹಿತ್ತಾಳೆಯ ಹಾಗೆ ಹೊಳೆಯುತ್ತೆ. ಸುತ್ತಿಗೆಯಿಂದ ಬಡಿದರೆ ಪುಡಿಯಾಗುತ್ತೆ. ನಿಜವಾದ ಬಂಗಾರ ಪುಡಿಯಾಗಲ್ಲ, ತಗಡಾಗುತ್ತೆ. ಪತ್ತಾರರನ್ನು ಕೇಳಿ, ಅವರೇ ತೋರಿಸ್ತಾರೆ.

ಹಾಗಾದ್ರೆ ಬಸಾಲ್ಟಿನ ಕೆಳಗೆ? ಅಲ್ಲೇ ಇರೋದು ಸ್ವಾರಸ್ಯ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ಈ ಭಾಗದ ಹಿರಿಯರು ಮರೆತಿಲ್ಲ. ಅದಾದ ಮೇಲೆ ವಿಜ್ಞಾನಿಗಳು ಕಿಲ್ಲಾರಿಯಲ್ಲಿ 600 ಮೀಟರ್‌ಗೂ ಆಳಕ್ಕೆ ಕೊರೆದರು. ಸುಮಾರು 340 ಮೀಟರ್ ಬಸಾಲ್ಟ್ ದಾಟಿದ ಮೇಲೆ ಹಳೆಯ ಕಣಶಿಲೆ ಸಿಕ್ಕಿತು. ಅಂದ್ರೆ ಈ ಕರಿಕಲ್ಲು ಒಂದು ಹೊದಿಕೆ. ಹೊದಿಕೆಯ ಕೆಳಗೆ ಕೋಟ್ಯಂತರ ವರ್ಷ ಹಳೆಯ ಇನ್ನೊಂದು ಕರ್ನಾಟಕ ಮಲಗಿದೆ. ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಕೃಷ್ಣೆಯ ಕಡೆಗೆ ಬರಬರುತ್ತಾ ಹೊದಿಕೆ ತೆಳುವಾಗಿ, ಹರಿದು, ಒಳಗಿನ ಕಲ್ಲು ಹೊರಗೆ ಬರುತ್ತೆ. ತಾಳಿಕೋಟೆಯ ಸುಣ್ಣಕಲ್ಲು, ಹೊಳೆದಂಡೆಯ ಗ್ರಾನೈಟ್ ನೋಡಿದವರಿಗೆ ಇದು ಗೊತ್ತು.

ಕೃಷ್ಣೆ ದಾಟಿದರೆ?

ಹೊಳೆಯಾಚೆ ಚಿತ್ರವೇ ಬೇರೆ. ದಕ್ಷಿಣಕ್ಕೆ ಹುನಗುಂದ–ಕುಷ್ಟಗಿ ಶಿಲಾಪಟ್ಟಿ. ನಾಲತವಾಡ, ನಾರಾಯಣಪುರ ದಾಟಿ ಲಿಂಗಸುಗೂರಿನ ಕಡೆ ಹೋದರೆ ಹಟ್ಟಿ–ಮಸ್ಕಿ ಶಿಲಾಪಟ್ಟಿ. ಇವೆಲ್ಲ 250 ಕೋಟಿ ವರ್ಷಕ್ಕೂ ಹಳೆಯ ಧಾರವಾಡ ಶಿಲೆಗಳು. ಈ ಗುಂಪಿಗೆ ನಮ್ಮ ಧಾರವಾಡದ ಹೆಸರಿಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1880ರ ದಶಕದಲ್ಲಿ. ಕರ್ನಾಟಕದ ಬಂಗಾರವೆಲ್ಲ ಇಂಥ ಹಳೆಯ ಶಿಲಾಪಟ್ಟಿಗಳಲ್ಲೇ ಇದೆ. ಕೆಜಿಎಫ್, ಹಟ್ಟಿ, ಗದಗ, ಯಾವುದೇ ತಗೊಳ್ಳಿ.

ಹಟ್ಟಿಯಲ್ಲಿ ಬ್ರಿಟಿಷರು ಬರುವ ಎಷ್ಟೋ ಮುಂಚೆ ನಮ್ಮವರು ಬಂಗಾರ ತೆಗೆದಿದ್ದರು. ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡಿನ ಕಾಲಮಾನ ಸುಮಾರು 2,000 ವರ್ಷ. ಡೈನಮೈಟ್ ಇಲ್ಲ, ಪಂಪಿಲ್ಲ. ಕಲ್ಲಿಗೆ ಬೆಂಕಿ ಹಚ್ಚಿ, ಕಾದ ಮೇಲೆ ನೀರು ಸುರಿದು, ಸೀಳಿಸಿ ಒಳಗೆ ಹೋದವರು ಅವರು.

ಇದೇ ಸೀಮೆಯ ಮಸ್ಕಿಯಲ್ಲಿ ಇನ್ನೊಂದು ಘಟನೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಇಲ್ಲಿನ ಬಂಡೆಯ ಮೇಲೆ ಅಕ್ಷರ ಕಂಡ. ಅದು ಅಶೋಕನ ಶಾಸನ. ಅಲ್ಲಿಯವರೆಗೆ ಶಾಸನಗಳಲ್ಲಿ ಕಾಣುತ್ತಿದ್ದ ‘ದೇವಾನಾಂಪ್ರಿಯ’ ಯಾರು ಅನ್ನೋ ಪ್ರಶ್ನೆಗೆ, ಅಶೋಕ ಅಂತ ಹೆಸರು ಹಿಡಿದು ಉತ್ತರ ಕೊಟ್ಟ ಬಂಡೆ ಅದು. ಬಂಗಾರದ ಕೆಲಸದವನಿಗೆ ಇತಿಹಾಸ ಸಿಕ್ಕಿತು!

ನಿಮಗೆ ಇನ್ನೂ ಹತ್ತಿರದ ಹೆಸರು ಬೇಕಾ? ತಿಂಥಣಿ. ಮೌನೇಶ್ವರನ ಜಾತ್ರೆಗೆ ಹೋಗ್ತೀರಲ್ಲ, ಅದೇ ತಿಂಥಣಿ. ಆ ಸುತ್ತಲಿನ ಕಲ್ಲಿನಲ್ಲಿ ತಾಮ್ರದ ಕುರುಹು ಸಿಕ್ಕಿ ಶೋಧ ನಡೆದಿದೆ. ಭೂವಿಜ್ಞಾನಿಗಳ ಪಟ್ಟಿಯಲ್ಲಿ ಅದಕ್ಕೆ ಹೆಸರಿದೆ. ಆದರೆ ಗಣಿ ಆಗಿಲ್ಲ. ಹೀಗೆ ಹೆಸರಿದ್ದೂ ಗಣಿಯಾಗದ ಜಾಗಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ.

ಬಂಗಾರ, ತಾಮ್ರ ಒಟ್ಟೊಟ್ಟಿಗೆ ಯಾಕೆ?

ಇದನ್ನು ಅರ್ಥ ಮಾಡಿಕೊಳ್ಳೋಕೆ ಚಿತ್ರದುರ್ಗಕ್ಕೆ ಹೋಗೋಣ. ಅಲ್ಲಿನ ಮರಡಿಹಳ್ಳಿಯಲ್ಲಿ ಕಲ್ಲುಗಳು ದಿಂಬು ಪೇರಿಸಿಟ್ಟ ಹಾಗೆ ಕಾಣುತ್ತವೆ. ಜಿಎಸ್ಐ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಹೀಗೆ ದಿಂಬಿನ ಆಕಾರ ಬರುತ್ತೆ. ಅಂದ್ರೆ ಇವತ್ತಿನ ಬಯಲುಸೀಮೆ ಚಿತ್ರದುರ್ಗ ಒಂದು ಕಾಲಕ್ಕೆ ಸಮುದ್ರದ ತಳ!

ಸಮುದ್ರತಳದ ಜ್ವಾಲಾಮುಖಿಗಳ ಬಳಿ ನೀರು ಬಿರುಕಿನಲ್ಲಿ ಇಳಿದು, ಕಾದು, ಕಲ್ಲಿನಲ್ಲಿದ್ದ ತಾಮ್ರ, ಸತು, ಸೀಸವನ್ನು ಕರಗಿಸಿಕೊಂಡು ಮೇಲೆ ಚಿಮ್ಮುತ್ತೆ. ತಣ್ಣೀರು ತಾಕಿದ ತಕ್ಷಣ ಅವು ಗಂಧಕದ ಜೊತೆ ಸೇರಿ ಅಲ್ಲೇ ಕೂರುತ್ತವೆ. ಇವತ್ತಿಗೂ ಸಾಗರದ ಆಳದಲ್ಲಿ ಇದು ನಡೀತಾನೇ ಇದೆ. ಹೊಗೆ ಉಗುಳುವ ಚಿಮಣಿಗಳ ಹಾಗೆ ಕಾಣುವ ಆ ಬುಗ್ಗೆಗಳ ವಿಡಿಯೊ ನೀವು ನೋಡಿರಬಹುದು. ತಾಮ್ರ, ಸೀಸ, ಸತುವನ್ನು ಒಟ್ಟಾಗಿ ಮೂಲಲೋಹ ಅಂತಾರೆ.

ಬಂಗಾರದ ಬಹುಪಾಲು ಬರೋದು ಎರಡನೇ ಅಂಕದಲ್ಲಿ. ಭೂಮಿಯ ಫಲಕಗಳು ಒತ್ತಿಕೊಂಡು ಶಿಲಾಪಟ್ಟಿ ಮಡಚಿ, ತಿರುಚಿ, ಉದ್ದಕ್ಕೆ ಸೀಳಿತು. ಆ ಸೀಳಿನಲ್ಲಿ ಆಳದಿಂದ ಬಿಸಿನೀರು ಮೇಲೇರಿತು. ಅದರಲ್ಲಿ ಬಂಗಾರ ಗಂಧಕದ ಕೈ ಹಿಡಿದು ಕರಗಿತ್ತು. ದಾರಿಯಲ್ಲಿ ಕಬ್ಬಿಣ ಹೆಚ್ಚಿರುವ ಕಲ್ಲು ಸಿಕ್ಕಿತು ಅಂದ್ಕೊಳ್ಳಿ. ಗಂಧಕ ಕಬ್ಬಿಣದ ಜೊತೆ ಹೋಗಿ ಪೈರೈಟ್ ಆಗುತ್ತೆ. ಒಂಟಿಯಾದ ಬಂಗಾರ ಅಲ್ಲೇ ಉದುರುತ್ತೆ. ಅದಕ್ಕೇ ಪೈರೈಟ್ ಮೋಸಗಾರನೂ ಹೌದು, ಎಷ್ಟೋ ಸಲ ದಾರಿ ತೋರಿಸುವವನೂ ಹೌದು.

ಚಿತ್ರದುರ್ಗದ ಪಕ್ಕದ ಇಂಗಳದಾಳ್‌ನಲ್ಲಿ ಈ ಎರಡೂ ಅಂಕಗಳ ಗುರುತು ಹತ್ತಿರ ಹತ್ತಿರ ಸಿಗುತ್ತೆ. ಇಂಗಳದಾಳ್‌ನಲ್ಲಿ ತಾಮ್ರ, ಜೊತೆಗೆ ಸತು, ಸೀಸದ ಖನಿಜಗಳು. ಅದೇ ಶಿಲಾಪಟ್ಟಿಯ ಸೀಳಿನಗುಂಟ ಜಿ.ಆರ್.ಹಳ್ಳಿ ಕಡೆ ಬಂಗಾರ. ಇಂಗಳದಾಳ್‌ನಲ್ಲಿ ತಾಮ್ರದ ಗಣಿಯೂ ನಡೆಯಿತು. ಮುಂದೆ ಅದು ಹಟ್ಟಿ ಕಂಪನಿಯ ಕೈಗೆ ಬಂತು. ಆಮೇಲೆ ನಿಂತಿತು.

ಹುಡುಕೋದು ಹೇಗೆ?

ಬೋರ್ ಹೊಡಿಸುವ ಮುಂಚೆ ತೆಂಗಿನಕಾಯಿ ಹಿಡಿದು ನೀರು ತೋರಿಸುವವರನ್ನು ಕರೆಸ್ತೀರಿ. ಅದಿರು ಹುಡುಕೋದರಲ್ಲಿ ಆ ಸೌಲಭ್ಯ ಇಲ್ಲ! ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು.

ಮೊದಲು ನಕ್ಷೆ. ಯಾವ ಕಲ್ಲು ಎಲ್ಲಿದೆ, ಸೀಳು ಯಾವ ದಿಕ್ಕಿಗಿದೆ, ಹಳಬರು ತೋಡಿದ ಗುಂಡಿ ಎಲ್ಲಿವೆ. ಹಳೆಯ ಗುಂಡಿ ಅಂದ್ರೆ ಪೂರ್ವಿಕರು ಬಿಟ್ಟುಹೋದ ವಿಳಾಸ. ಎರಡನೆಯದು, ಹಳ್ಳದ ಮರಳು, ಹೊಲದ ಮಣ್ಣು ತೆಗೆದು ಪ್ರಯೋಗಾಲಯಕ್ಕೆ ಕಳಿಸೋದು. ಮೂರನೆಯದು ಭೂಭೌತ ಪರೀಕ್ಷೆ. ಗಂಧಕದ ಖನಿಜಗಳು ವಿದ್ಯುತ್ತಿಗೆ ಸ್ಪಂದಿಸುತ್ತವೆ. ನೆಲಕ್ಕೆ ಕರೆಂಟ್ ಬಿಟ್ಟು, ನಿಲ್ಲಿಸಿ, ಅದು ಎಷ್ಟು ನಿಧಾನಕ್ಕೆ ಇಳಿಯುತ್ತೆ ಅಂತ ಅಳೆದರೆ ಕೆಳಗೆ ಏನೋ ಇದೆ ಅನ್ನೋ ಸುಳಿವು ಸಿಗುತ್ತೆ. ಬಂಗಾರ ಇದೆ ಅಂತ ಅಲ್ಲ, ಗಂಧಕದ ಖನಿಜ ಇರಬಹುದು ಅಂತ ಅಷ್ಟೇ.

ಕೊನೆಗೆ ಡ್ರಿಲ್ಲಿಂಗ್. ನಮ್ಮ ಬೋರ್‌ವೆಲ್ ಲಾರಿ ಕಲ್ಲನ್ನು ಪುಡಿ ಮಾಡಿ ಹೊರಗೆ ಊದುತ್ತೆ. ಶೋಧದ ಡ್ರಿಲ್ಲಿನ ಬಾಯಿಗೆ ವಜ್ರದ ಹರಳು ಕೂರಿಸಿರ್ತಾರೆ. ಅದು ಬಳೆಯ ಹಾಗೆ ಸುತ್ತ ಕೊರೆದು, ನಡುವಿನ ಕಲ್ಲನ್ನು ಕೋಲಿನಂತೆ ಇಡಿಯಾಗಿ ಮೇಲೆ ತರುತ್ತೆ. ಆ ಕೋಲನ್ನು ಉದ್ದುದ್ದ ಸೀಳಿ, ಅರ್ಧ ಪೆಟ್ಟಿಗೆಯಲ್ಲಿಟ್ಟು, ಇನ್ನರ್ಧ ಪರೀಕ್ಷೆಗೆ ಕಳಿಸಬೇಕು. ಅಲ್ಲಿ ಪುಡಿ ಮಾಡಿ, ಸೀಸದ ಜೊತೆ ಕುಲುಮೆಯಲ್ಲಿ ಕರಗಿಸಿ, ಉಳಿದ ಬಂಗಾರ ತೂಗ್ತಾರೆ.

ಅರ್ಧ ಯಾಕೆ ಇಟ್ಟುಕೋಬೇಕು? ಮರುಪರೀಕ್ಷೆಗೆ. 1997ರಲ್ಲಿ ಬ್ರಿ-ಎಕ್ಸ್ ಎಂಬ ಕೆನಡಾ ಕಂಪನಿಯ ಬಣ್ಣ ಬಯಲಾಯಿತು. ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಜಗತ್ತಿನ ಅತಿ ದೊಡ್ಡ ಬಂಗಾರದ ನಿಕ್ಷೇಪ ಇದೆ ಅಂದಿದ್ದ ಕಂಪನಿ ಅದು. ಮಾದರಿಗಳಿಗೆ ಹೊರಗಿನ ಬಂಗಾರದ ಪುಡಿ ಬೆರೆಸಿದ್ದರು. ಅಲ್ಲಿ ಅರ್ಧ ಕೋಲು ಇಟ್ಟುಕೊಂಡಿರಲಿಲ್ಲ, ಪೂರ್ತಿ ಪುಡಿ ಮಾಡಿದ್ದರು. ಷೇರು ಕೊಂಡವರು ಮುಳುಗಿದರು.

ಈಗ ಲೆಕ್ಕ. ಟನ್‌ಗೆ 3 ಗ್ರಾಂ ಅಂದ್ರೆ ಎಷ್ಟು? ಒಂದು ಕ್ವಿಂಟಲ್ ಜೋಳದ ಚೀಲದಲ್ಲಿ ಹತ್ತು ಕಾಳಿನ ತೂಕದಷ್ಟು ಬಂಗಾರ. 10 ಟನ್ ತುಂಬಿದ ಟಿಪ್ಪರ್ ಕಲ್ಲನ್ನು ಹಿಟ್ಟಿನ ಹಾಗೆ ಬೀಸಿದರೆ ಎರಡೂವರೆ ತೊಲೆ. ಕಣ್ಣಿಗೆ ಕಾಣೋದೇ ಇಲ್ಲ. ಆ ಹತ್ತು ಕಾಳು ಚೀಲದ ಒಂದೇ ಮೂಲೆಯಲ್ಲಿದ್ದರೆ? ಆ ಮೂಲೆಗೆ ಕೈ ಹಾಕಿದವನು ‘ಚೀಲ ತುಂಬ ಬಂಗಾರ’ ಅಂತಾನೆ. ಬೇರೆ ಮೂಲೆಗೆ ಹಾಕಿದವನು ‘ಏನೂ ಇಲ್ಲ’ ಅಂತಾನೆ. ಇಬ್ಬರೂ ಸುಳ್ಳು ಹೇಳಿಲ್ಲ. ಹತ್ತಾರು ಕಡೆ ಕೊರೆದ ಮೇಲೇ ಸರಾಸರಿ ಗೊತ್ತಾಗೋದು.

ಅದಕ್ಕೇ ಮೂರು ಮಾತು ಬೇರೆ ಬೇರೆ ಇಟ್ಟುಕೊಳ್ಳಿ. ಒಂದು ಕಡೆ ಅಂಶ ಕಂಡರೆ ಅದು ಕುರುಹು. ಎಷ್ಟು ಅದಿರು, ಎಷ್ಟು ಗ್ರಾಂ ಅಂತ ಅಳೆದರೆ ಅದು ನಿಕ್ಷೇಪ. ಖರ್ಚು ಕಳೆದು ಲಾಭ ಬರುತ್ತೆ, ಕಾನೂನು ಒಪ್ಪುತ್ತೆ ಅಂತಾದರೆ ಮಾತ್ರ ಗಣಿ. ನಮ್ಮ ಹೆಡ್‌ಲೈನ್‌ಗಳು ಬಹಳ ಸಲ ಮೊದಲನೆಯದನ್ನು ನೋಡಿ ಮೂರನೆಯದರ ಹೆಸರು ಹೇಳಿಬಿಡುತ್ತವೆ.

ನಿಂತದ್ದು ಯಾಕೆ ನಿಂತಿತು?

ಶೋಧ ನಡೆದೂ ನಿಂತುಹೋದ ಜಾಗಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣ.

ಮೊದಲನೆಯದು ಪ್ರಮಾಣ. ಅದಿರು ಇದೆ, ಆದರೆ ಒಂದು ಕಾರ್ಖಾನೆ ಸಾಕುವಷ್ಟಿಲ್ಲ. ಚಿಕ್ಕ ತಾಮ್ರದ ನಿಕ್ಷೇಪಗಳಿಗೆ ಇದೇ ಕಷ್ಟ.

ಎರಡನೆಯದು ಬಂಗಾರದ ಹಟ. ಕೆಲವು ಕಡೆ ಅದು ಆರ್ಸೆನಿಕ್ ಇರುವ ಖನಿಜದ ಒಳಗೆ ಬಂಧಿಯಾಗಿರುತ್ತೆ. ಮಾಮೂಲಿ ಸೈನೈಡ್ ವಿಧಾನಕ್ಕೆ ಬಗ್ಗಲ್ಲ. ಬಿಡಿಸೋಕೆ ಹೋದರೆ ಖರ್ಚು ಹೆಚ್ಚು, ಆರ್ಸೆನಿಕ್ ವಿಷದ ಚಿಂತೆ ಬೇರೆ.

ಮೂರನೆಯದು ಬೆಲೆ. 2001ರ ಫೆಬ್ರವರಿ 28ರಂದು ಕೆಜಿಎಫ್ ಮುಚ್ಚಿದಾಗ ಔನ್ಸ್ ಬಂಗಾರಕ್ಕೆ 300 ಡಾಲರ್ ಕೂಡ ಇರಲಿಲ್ಲ. ಗಣಿ 3 ಕಿ.ಮೀ.ಗೂ ಆಳ ಹೋಗಿತ್ತು. 2025ರಲ್ಲಿ ಅದೇ ಔನ್ಸ್ 4,000 ಡಾಲರ್ ದಾಟಿತು. ಆಗ ಕಸ ಅಂತ ಬಿಟ್ಟ ಕಲ್ಲು ಈಗ ಅದಿರಾಗಬಹುದು. ಕಲ್ಲು ಬದಲಾಗಿಲ್ಲ, ಲೆಕ್ಕ ಬದಲಾಯಿತು.

ಹಟ್ಟಿಯೇ ಇದಕ್ಕೆ ಸಾಕ್ಷಿ. 2,000 ವರ್ಷ ಹಿಂದಿನವರು ಬಿಟ್ಟುಹೋದರು. ನಿಜಾಮರ ಕಾಲದಲ್ಲಿ, 20ನೇ ಶತಮಾನದ ಆರಂಭದಲ್ಲಿ ಮತ್ತೆ ಗಣಿ ನಡೆದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ನಿಂತಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. 1956ರಲ್ಲಿ ರಾಜ್ಯ ಒಂದಾದ ಮೇಲೆ ಅದೇ ಹಟ್ಟಿ ಕಂಪನಿಯಾಯಿತು. ಇವತ್ತು ದೇಶದ ಪ್ರಮುಖ ಬಂಗಾರದ ಗಣಿ ಅದೇ. ಎರಡು ಸಲ ನಿಂತದ್ದು ಮೂರನೇ ಸಲ ಎದ್ದಿತು.

ನಾಲ್ಕನೆಯ ಕಾರಣ ಜನ. ಅದಕ್ಕೆ ಗದಗದ ಕಪ್ಪತಗುಡ್ಡ ನೋಡಬೇಕು. ಅಲ್ಲಿ ಹೊಸೂರು, ಕಬುಲಾಯತಕಟ್ಟಿ, ಅತ್ತಿಕಟ್ಟಿ ಸುತ್ತ ಹಳೆಯ ಕಾಲದ ಬಂಗಾರದ ಗುಂಡಿಗಳಿವೆ. 1900ರ ದಶಕದಲ್ಲಿ ಬ್ರಿಟಿಷ್ ಕಂಪನಿಗಳು ಬಂದು, ಕೆಲ ವರ್ಷ ಅಗೆದು, ಹೊರಟುಹೋದವು. ಸ್ವಾತಂತ್ರ್ಯದ ನಂತರ ಮತ್ತೆ ಶೋಧ. ಇತ್ತೀಚೆಗೆ ಖಾಸಗಿ ಕಂಪನಿಗಳ ಆಸಕ್ತಿ. ಆದರೆ ಅದೇ ಗುಡ್ಡ ಔಷಧಿ ಸಸ್ಯಗಳ ತವರು, ಸುತ್ತಲಿನ ಹಳ್ಳಿಗಳಿಗೆ ಮಳೆ-ನೀರಿನ ಆಸರೆ. 2015ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಮೀಸಲು ಅಂತ ಘೋಷಿಸಿತು. 2016ರಲ್ಲಿ ಹಿಂದಕ್ಕೆ ಪಡೆಯಿತು. ಜನ ಬೀದಿಗಿಳಿದರು. ಮುಂದೆ ನಿಂತವರು ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ. ಅವರು ಹುಟ್ಟಿದ್ದು ನಿಮ್ಮದೇ ಸಿಂದಗಿ ತಾಲ್ಲೂಕಿನ ಕೊರವಾರದಲ್ಲಿ. 2017ರಲ್ಲಿ ಮೀಸಲು ಮರಳಿ ಬಂತು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. 2019ರಲ್ಲಿ ಸುಮಾರು 244 ಚದರ ಕಿ.ಮೀ. ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು.

ಬಂಗಾರ ಅಲ್ಲೇ ಇದೆ. ತೆಗೆಯಬೇಡಿ ಅಂತ ಜನ ಹೇಳಿದರು. ಇದು ತಪ್ಪಾ? ಕೆಜಿಎಫ್ ಊರಿನ ಸೈನೈಡ್ ದಿಬ್ಬಗಳನ್ನು ನೋಡಿ ಬಂದವರು ಸುಲಭಕ್ಕೆ ತಪ್ಪು ಅನ್ನಲಾರರು. ಹಾಗಂತ ಎಲ್ಲ ಗಣಿಗೂ ಬೇಡ ಅನ್ನೋದೂ ಕಷ್ಟ. ಹಟ್ಟಿ ಗಣಿಯಿಂದ ಅನ್ನ ಉಂಡ ಸಾವಿರಾರು ಮನೆಗಳಿವೆ. ನಾವು ಹಾಕಿಕೊಳ್ಳುವ ಬಂಗಾರದ ಹೆಚ್ಚುಪಾಲು ಹೊರದೇಶದ್ದು. ಪ್ರತಿ ಜಾಗಕ್ಕೂ ಲೆಕ್ಕ ಬೇರೆ. ಆ ಲೆಕ್ಕದಲ್ಲಿ ಊರಿನವರಿಗೆ ಜಾಗ ಇರಬೇಕು.

ಕಾನೂನು ಏನನ್ನುತ್ತೆ?

1957ರ ಗಣಿ ಮತ್ತು ಖನಿಜ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದ ಮೇಲೆ ಬಂಗಾರ, ತಾಮ್ರದಂಥ ಖನಿಜಗಳ ಗಣಿ ಗುತ್ತಿಗೆ ಹರಾಜಿನ ಮೂಲಕ. ಗಣಿಗಾರಿಕೆಯಿಂದ ಬಾಧಿತರಾದವರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದದ್ದೂ ಅದೇ ತಿದ್ದುಪಡಿಯಲ್ಲಿ. 2023ರ ತಿದ್ದುಪಡಿ ಆಳದಲ್ಲಿರುವ ಖನಿಜಗಳಿಗೆ ‘ಶೋಧನಾ ಪರವಾನಗಿ’ ಎಂಬ ಹೊಸ ದಾರಿ ತೆರೆಯಿತು. ಆ ಪಟ್ಟಿಯಲ್ಲಿ ಬಂಗಾರ, ಬೆಳ್ಳಿ, ತಾಮ್ರ, ಸೀಸ, ಸತು ಎಲ್ಲ ಇವೆ. ಖಾಸಗಿಯವರು ಹುಡುಕಿಕೊಟ್ಟರೆ, ಮುಂದೆ ಹರಾಜಾದಾಗ ಬರುವ ಹಣದಲ್ಲಿ ಅವರಿಗೂ ಪಾಲು. ಅಂದ್ರೆ ಮುಂದಿನ ವರ್ಷಗಳಲ್ಲಿ ನಿಂತುಹೋದ ಹಳೆಯ ಜಾಗಗಳ ಫೈಲುಗಳು ಮತ್ತೆ ತೆರೆಯಬಹುದು. ಕೃಷ್ಣೆಯ ಎರಡೂ ದಂಡೆಗೆ ಡ್ರಿಲ್ಲಿಂಗ್ ಲಾರಿ ಬಂದರೆ ಬೆರಗಾಗಬೇಡಿ.

ಆದರೆ ಒಂದು ಮಾತು ನೆನಪಿಡಿ. ಹೊಲದಲ್ಲಿ ಸರ್ವೆ ಗೂಟ ನೆಟ್ಟ ಮಾತ್ರಕ್ಕೆ ಹೊಲ ಅವರದಾಗಲ್ಲ. ಶೋಧದ ವೇಳೆ ಬೆಳೆಗೆ, ಭೂಮಿಗೆ ಹಾನಿಯಾದರೆ ಪರಿಹಾರ ಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತೆ. ಗೂಟ ಕಂಡ ಕೂಡಲೇ ಊರಿಗೆ ಮೊದಲು ಬರೋದು ಭೂವಿಜ್ಞಾನಿ ಅಲ್ಲ, ದಲ್ಲಾಳಿ. ‘ನಾಳೆ ಸರ್ಕಾರ ಕಿತ್ತುಕೊಳ್ಳುತ್ತೆ, ಇವತ್ತೇ ಕೊಟ್ಟುಬಿಡು’ ಅಂತಾನೆ ಒಬ್ಬ. ‘ಇಲ್ಲಿ ಬಂಗಾರ ಐತಿ, ಎಕರೆಗೆ ಇಷ್ಟು ಕೊಟ್ಟು ತಗೋ’ ಅಂತ ಇನ್ನೊಬ್ಬನ ತಲೆ ತಿರುಗಿಸ್ತಾನೆ. ಮಾರಿದವನಿಗೂ ನಷ್ಟ, ಕೊಂಡವನಿಗೂ ನಷ್ಟ.

ಅದಕ್ಕೇ ಮುಂದಿನ ಸಲ ಬಂಗಾರ ಸಿಕ್ಕಿತು ಅನ್ನೋ ಸುದ್ದಿ ಯಾವ ಚಾನೆಲ್‌ನಲ್ಲಿ ಬಂದರೂ, ನಮ್ಮದರಲ್ಲಿ ಬಂದರೂ, ನಾಲ್ಕು ಪ್ರಶ್ನೆ ಕೇಳಿ. ಅದಿರು ಎಷ್ಟು ಟನ್? ಟನ್‌ಗೆ ಎಷ್ಟು ಗ್ರಾಂ? ಎಷ್ಟು ಕಡೆ ಕೊರೆದು ನೋಡಿದ್ದಾರೆ? ಲೆಕ್ಕ ಕೊಟ್ಟವರು ಯಾರು? ನಾಲ್ಕಕ್ಕೂ ಉತ್ತರ ಸಿಕ್ಕರೆ ಮೊಬೈಲ್ ತೆಗೆದು ಮೊದಲ ಎರಡನ್ನು ಗುಣಿಸಿ. ಸೋನಭದ್ರದ 160 ಕೆ.ಜಿ. ಹೊರಬಿದ್ದದ್ದು ಆ ಗುಣಾಕಾರದಿಂದಲೇ. ಉತ್ತರ ಸಿಗದಿದ್ದರೆ ಹೊಲದ ಉತಾರ ಪೆಟ್ಟಿಗೆಯಲ್ಲೇ ಇರಲಿ, ಈ ಹಂಗಾಮಿನ ಜೋಳ ಬಿತ್ತಿ.